ಸುಟ್ಟ ರಾಟೆಯ ಸದ್ದು

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಮಠದ ಅಡುಗೆಯಾಕೆ ಮಗುವನ್ನು ತೊಟ್ಟಿಲಿಗೆ ಹಾಕಿ ನೂಲುತ್ತಾ ಕೂರುತ್ತಾಳೆ. ಯಾರೂ ಹೇಳಿದ್ದಲ್ಲ, ಬರೀ ಖುಷಿಗೆ. ಅದು ಮಗುವಿನಿಂದ ಕದ್ದ ಹೊತ್ತಲ್ಲವೇ? ನಿಲ್ಲಿಸು ಎಂದು ಹೇಳಿಬಿಡಲೇ?"

"ಹೇಳುವೆಯಂತೆ. ಮೊದಲು ಇದನ್ನು ಕೇಳು" ಎಂದರು ಗುರುಗಳು.

ಕುರಿ ಸಾಕುವವರ ಒಂದು ಊರು. ಹಾಲೂಡಿಸುವ ತಾಯಿ ನೂತರೆ ಮಗುವಿನ ಉಸಿರು ಎಳೆಯೊಂದಿಗೆ ಕದಿರಿಗೆ ಸುತ್ತಿಕೊಳ್ಳುತ್ತದೆ ಎಂದು ಅಲ್ಲಿ ಎಲ್ಲರೂ ನಂಬಿದ್ದರು. ಹೆರಿಗೆಯಾದ ಮನೆಯ ರಾಟೆ ಅಟ್ಟ ಸೇರುತ್ತಿತ್ತು. ಮಗು ನಡೆಯತೊಡಗಿದ ಮೇಲೆಯೇ ಕೆಳಗಿಳಿಯುತ್ತಿತ್ತು. ಈ ನಂಬಿಕೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಲು ಒಂದು ಮಗು ಬೇಕಿತ್ತು.

ಆ ಊರಿನ ಒಬ್ಬ ಹೆಂಗಸಿಗೆ ನೂಲುವುದೆಂದರೆ ಇಷ್ಟ. ಹಾಡು ಬರುತ್ತಿರಲಿಲ್ಲ. ಹೆತ್ತ ಮೂರನೆಯ ತಿಂಗಳಿಗೇ ಅವಳು ರಾಟೆ ಇಳಿಸಿದಳು. ತೊಟ್ಟಿಲ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಉಣ್ಣೆ ನೂಲುತ್ತಿದ್ದಳು. ರಾಟೆ ಗುಂಯ್ ಎನ್ನುತ್ತಿತ್ತು. ಮಗು ಅದನ್ನು ಕೇಳುತ್ತಾ ನಿದ್ದೆ ಹೋಗುತ್ತಿತ್ತು.

ಹತ್ತನೆಯ ತಿಂಗಳಲ್ಲಿ ಮಗು ಸೊರಗಿತು.

"ಕದಿರು ದಪ್ಪಗಾಗುತ್ತಿದೆ, ಮಗು ಸಣ್ಣಗಾಗುತ್ತಿದೆ. ಕಣ್ಣಿಲ್ಲವೇನೆ ನಿನಗೆ?" ಎಂದಳು ಅತ್ತೆ.

"ಅದಕ್ಕೆ ಹಲ್ಲು ಬರುತ್ತಿದೆ, ಅತ್ತೆವ್ವ. ನಿಮ್ಮ ಮಗನೂ ದಪ್ಪಗಾಗುತ್ತಿದ್ದಾರಲ್ಲ, ಅವರು ಯಾರ ಉಸಿರು ಕುಡಿಯುತ್ತಿದ್ದಾರೆ?"

ಅತ್ತೆ ಊರಿನವರನ್ನು ಕರೆದಳು. ರಾಟೆಯನ್ನೂ ನೂಲನ್ನೂ ಅಂಗಳದಲ್ಲಿ ಸುಟ್ಟರು. ಮಗುವಿನ ಉಸಿರು ಆ ನೂಲಿನಲ್ಲಿದೆ ಎನ್ನುವವರು ಅದಕ್ಕೇ ಬೆಂಕಿ ಇಡುತ್ತೀರಾ ಎಂದು ತಾಯಿ ಕೇಳಿದಳು.

ಅಂದಿನಿಂದ ಮಗು ಮಲಗಲಿಲ್ಲ. ಎರಡು ದಿನ ಅತ್ತಿತು. ಮೂರನೆಯ ದಿನ ಮಧ್ಯಾಹ್ನ ತಾಯಿ ಅದನ್ನು ತೊಟ್ಟಿಲಿಗೆ ಹಾಕಿ, ಅತ್ತೆಯನ್ನು ಕಾವಲಿಟ್ಟು, ನೀರಿಗೆ ಹೋದಳು. ಮರಳಿ ಬಂದಾಗ ಅಂಗಳದ ತುಂಬ ಜನ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಹಾಕಿದವಳು ಅತ್ತೆ. ಅಳು ನಿಂತಿತ್ತು. ಒಳಗೆ ರಾಟೆ ತಿರುಗುತ್ತಿತ್ತು.

ಎಲ್ಲರಿಗೂ ಕೇಳಿಸಿತು. ಗುಂಯ್ ಎಂಬ ಅದೇ ಸದ್ದು. ಎಳೆ ಉದ್ದವಾದಾಗ ಒಂದು ಕ್ಷಣ ನಿಲ್ಲುವುದು, ಮತ್ತೆ ಶುರುವಾಗುವುದು. ಜನರ ಕಾಲ ಬಳಿಯೇ ಆ ರಾಟೆಯ ಬೂದಿ ಇತ್ತು.

ತಾಯಿ ಬಾಗಿಲಿಗೆ ನುಗ್ಗಿದಳು. ನಾಲ್ವರು ಹಿಡಿದುಕೊಂಡರು.

"ಉಳಿದ ಉಸಿರನ್ನು ನೂಲುತ್ತಿದೆ. ಈಗ ಹೋದರೆ ನಿನ್ನದನ್ನೂ ಎಳೆದುಕೊಳ್ಳುತ್ತದೆ" ಎಂದ ಊರ ಹಿರಿಯ. "ಮುಗಿಯಲಿ, ತಾಯಿ."

ಸದ್ದು ಬಹಳ ಹೊತ್ತು ನಡೆಯಿತು. ಬರಬರುತ್ತ ಸಣ್ಣಗಾಯಿತು. ಎಳೆ ಕಡಿದಂತೆ ನಿಂತಿತು. ಹಿರಿಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಗ ಅವಳನ್ನು ಬಿಟ್ಟರು.

ಅವಳು ಒಳಗೆ ಹೋಗಿ ತೊಟ್ಟಿಲ ಮೇಲೆ ಬಗ್ಗಿದಳು. ಮಗುವಿನ ಎದೆ ಮೆಲ್ಲಗೆ ಏರಿಳಿಯುತ್ತಿತ್ತು. ಅದು ನಿದ್ದೆ ಹೋಗಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಗುರುಗಳು ಕಥೆ ಮುಗಿಸಿದರು. ಶಿಷ್ಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ.

"ಹಾಗಾದರೆ ಆ ಸುಟ್ಟ ರಾಟೆಯನ್ನು ತಿರುಗಿಸುತ್ತಿದ್ದದ್ದು ಯಾರು?"

"ಮಗು ಗುನುಗುತ್ತಿತ್ತು, ಅದು ಕೇಳಿದ್ದ ಜೋಗುಳ ಅದೊಂದೇ."