ಒಂದು ಗೇಣು ಕೆಳಗೆ

ಸೆವೆರಿನಾ ಗಿಡ್ಡ ಹೆಂಗಸು. ಅವಳ ಸೈಕಲ್ಲಿನ ಸೀಟು ಬಲು ಎತ್ತರ. ಆ ಎತ್ತರವೇ ಸೀಟಿನ ಹೆಮ್ಮೆ. ಅವಳು ಅಂಗಳದ ಒಗೆಯುವ ಕಲ್ಲಿನ ಮೇಲೆ ನಿಂತು ಸೈಕಲ್ ಹತ್ತುತ್ತಿದ್ದಳು, ಮರಳಿ ಬಂದಾಗ ಅದರ ಮೇಲೇ ಕಾಲಿಟ್ಟು ಇಳಿಯುತ್ತಿದ್ದಳು.

ಒಂದು ಸಂಜೆ ಅವಳು, ಕಾಲು ಮುರಿದುಕೊಂಡಿದ್ದ ಗೆಳತಿ ದೇಯಕ್ಕನನ್ನು ನೋಡಲು ಹೋದಳು. ಅಲ್ಲಿ ಕಲ್ಲಿರಲಿಲ್ಲ. ಕಾಲು ನೆಲಕ್ಕೆ ಎಟುಕದೆ ಅಂಗಳದಲ್ಲೇ ಸುತ್ತು ಹೊಡೆಯುತ್ತ, "ಹೇಗಿದ್ದೀರಿ, ದೇಯಕ್ಕಾ?" ಎಂದು ಕೂಗಿದಳು.

"ಇದೇನು ಸೆವೆರಿನಾ ಬಾಯಮ್ಮ, ಸರ್ಕಸ್ ತೋರಿಸಲಿಕ್ಕೆ ಬಂದದ್ದೋ?" ಎಂದಳು ಜಗಲಿಯಲ್ಲಿ ಮಲಗಿದ್ದ ದೇಯಕ್ಕ. "ಇಳಿದು ಬನ್ನಿ. ಬೆಳಗಿನಿಂದ ಒಂದು ನರಪಿಳ್ಳೆಯೂ ಮಾತಾಡಿಸಿಲ್ಲ."

"ಇನ್ನೊಂದು ದಿನ ಬರುತ್ತೇನೆ," ಎಂದು ಸೆವೆರಿನಾ ಹಿಂತಿರುಗಿದಳು. ದಾರಿಯುದ್ದಕ್ಕೂ ಅವಳು ಬಿಕ್ಕುತ್ತಿದ್ದುದು ಸೀಟಿಗೆ ತಿಳಿಯುತ್ತಿತ್ತು.

ಮನೆಯಲ್ಲಿ ಪೆಡಲ್ ಕೇಳಿತು: "ಸೀಟಣ್ಣಾ, ಒಂದು ಗೇಣು ಕೆಳಗೆ ಬರಬಾರದೆ?"

"ಬಂದರೆ ನನ್ನನ್ನು ಮಕ್ಕಳ ಸೈಕಲ್ಲಿನ ಸೀಟು ಎಂದಾರು. ಅವಳಿಗೆ ಕಲ್ಲಿದೆಯಲ್ಲ!"

"ಕಲ್ಲು ಇರುವುದು ಇಲ್ಲಿ. ಗೆಳತಿ ಇರುವುದು ಅಲ್ಲಿ."

ಸೀಟಿಗೆ ನೆಲಕ್ಕಾಗಿ ತಡಕಾಡಿದ ಆ ಕಾಲುಗಳು ನೆನಪಾದವು. ತುಕ್ಕು ಹಿಡಿದ ನಟ್ಟಿಗೆ, "ಸ್ವಲ್ಪ ಸಡಿಲವಾಗು, ತಮ್ಮಾ," ಎಂದು, ಕಿರ್ರೆನ್ನುತ್ತ ಗೇಣುದ್ದ ಕೆಳಗಿಳಿದು ಕೂತಿತು. ನಟ್ಟು ಮತ್ತೆ ಬಿಗಿಯಾಯಿತು.

ಮರುದಿನ ದೇಯಕ್ಕನ ಅಂಗಳದಲ್ಲಿ ಸೆವೆರಿನಾಳ ಎರಡೂ ಪಾದಗಳು ನೆಲ ಮುಟ್ಟಿದವು. ದೇಯಕ್ಕ ಚಾಪೆಯಲ್ಲಿ ಅತ್ತ ಸರಿದು ಜಾಗ ಮಾಡಿದಳು. ದೀಪ ಹಚ್ಚುವ ಹೊತ್ತಾದರೂ ಅವರ ಮಾತು ಮುಗಿಯಲಿಲ್ಲ. ಗೋಡೆಗೊರಗಿ ಕೇಳುತ್ತಿದ್ದ ಸೀಟಿಗೂ ಮನೆಗೆ ಹೋಗುವ ಅವಸರವಿರಲಿಲ್ಲ.