ಒಲೆಗೆ ಒಗ್ಗದ ಕಲ್ಲು

“ಅಜ್ಜಾವರೇ, ಮನುಷ್ಯ ಒಂಟಿಯಾಗಿ ಕೂತಷ್ಟೂ ಮಾಗುತ್ತಾನೆಯೇ?” ಎಂದು ಶಿಷ್ಯ ಕೇಳಿದ. ಯಾರೂ ಸುಳಿಯದ ಗವಿಯೊಂದನ್ನು ಅವನು ನೋಡಿ ಬಂದಿದ್ದ. ಗುರುಗಳು ಹೂಂ ಎಂದರೆ ಹೊರಡುವುದೊಂದೇ ಬಾಕಿ.

ಗುರುಗಳು ನಕ್ಕರು. “ಒಂದು ಕತೆ ಕೇಳಿ ಹೋಗು, ತಮ್ಮಾ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಗಡ್ಡ ಈಗಲೇ ಉದುರಿ ಬೀಳಲಿ. ಈ ಲೋಕದಲ್ಲಿ ನನಗೆ ಬಾರದ ವಿದ್ಯೆ ಒಂದೇ, ಸುಳ್ಳು ಹೇಳುವುದು.”

ಒಬ್ಬ ಕಲ್ಲುಕುಟಿಗನಿದ್ದ. ಅವನು ಕಡೆದ ಬಸವನಿಗೆ ಹಗ್ಗ ಕಟ್ಟದಿದ್ದರೆ ಅದು ಪಕ್ಕದ ಹೊಲಕ್ಕೆ ಮೇಯಲು ಹೋಗುತ್ತಿತ್ತು. ಅವನ ಗುಡಿಸಲಿನ ಒಂದು ಮಗ್ಗುಲಿಗೆ ಬಿಳಿಗಲ್ಲಿನ ಗುಡ್ಡ, ಇನ್ನೊಂದು ಮಗ್ಗುಲಿಗೆ ಕರಿಗಲ್ಲಿನ ಗುಡ್ಡ. ಪೇಟೆಯವರು ಬಿಳಿಯದನ್ನು ಗ್ರಾನೈಟ್ ಅನ್ನುತ್ತಾರೆ, ಕರಿಯದನ್ನು ಬಸಾಲ್ಟ್ ಅನ್ನುತ್ತಾರೆ. ಎರಡೂ ಭೂಮಿಯ ಹೊಟ್ಟೆಯ ಬೆಂಕಿಯಲ್ಲಿ ಕರಗಿದ್ದವೇ. ಕರಿಗಲ್ಲು ಹೊರಗೆ ಉಕ್ಕಿ ಬಂದು, ಗಾಳಿ ತಾಗಿ ಬೇಗ ಆರಿತು. ಅದರೊಳಗಿನ ಹರಳಿನ ಕಾಳುಗಳಿಗೆ ಬೆಳೆಯಲು ಪುರಸೊತ್ತೇ ಸಿಗಲಿಲ್ಲ. ಹಿಟ್ಟಿನಷ್ಟು ಸಣ್ಣಗೆ, ಒಂದನ್ನೊಂದು ಅಪ್ಪಿಕೊಂಡು ಉಳಿದವು. ಬಿಳಿಗಲ್ಲು ಆಳದಲ್ಲಿ ಯಾರ ಕಣ್ಣಿಗೂ ಬೀಳದೆ ಯುಗಯುಗ ಆರುತ್ತಾ ಕೂತಿತು. ಅದರ ಒಂದೊಂದು ಕಾಳೂ ಜೋಳದಷ್ಟು ದಪ್ಪ. ಬಿಸಿಲಿಗೆ ಹಿಡಿದರೆ ಮಿಂಚು.

ಕಲ್ಲುಕುಟಿಗನಿಗೆ ಬಿಳಿಗಲ್ಲೆಂದರೆ ಪ್ರಾಣ. ಹೆಂಡತಿ ತೀರಿಕೊಂಡ ಮೇಲೆ ಅವನು ಊರು ಬಿಟ್ಟು ಬಂದಿದ್ದ. ನಾನೂ ಈ ಕಲ್ಲಿನ ಹಾಗೆಯೇ ಎಂದುಕೊಳ್ಳುತ್ತಿದ್ದ. ಅವನ ಸುತ್ತಿಗೆಯ ಸದ್ದಿಗೆ ಎದುರಿನ ಗುಡ್ಡ ಓಗೊಡುತ್ತಿತ್ತು. ಬೇರೆ ಯಾರೂ ಓಗೊಡುತ್ತಿರಲಿಲ್ಲ. ಮೊದಮೊದಲು ಅದು ಹಿತವಾಗಿಯೇ ಇತ್ತು. ಬರಬರುತ್ತಾ ಅವನು ಸುತ್ತಿಗೆ ಕೆಳಗಿಟ್ಟು ದಾರಿಯ ಕಡೆ ನೋಡತೊಡಗಿದ. ಹೊಗೆ ಎದ್ದರೆ ಯಾರಾದರೂ ಬಂದಾರು, ಕೂತು ಒಂದು ತುತ್ತು ಉಂಡಾರು ಅನ್ನಿಸಿತು. ಇಷ್ಟದ ಬಿಳಿಗಲ್ಲಿನಲ್ಲೇ ಒಲೆ ಕಡೆದ. “ಅಂಥ ಒಲೆ ಯಾವ ಅರಮನೆಯಲ್ಲೂ ಇಲ್ಲ, ಬೇಕಾದರೆ ಹೋಗಿ ನೋಡಿ ಬಾ,” ಎಂದರು ಗುರುಗಳು.

ಒಲೆ ಹೊತ್ತಿಸಿದ. ಗಂಜಿ ಕುದಿಯುವ ಮೊದಲೇ ಕಲ್ಲು ಟಪ್ಪೆಂದು ಸೀಳಿತು. ಗಡಿಗೆ ಉರುಳಿತು.

ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಆ ದಾರಿಯಲ್ಲಿ ಬಂದ ಮುದುಕಿಯೊಬ್ಬಳು ಅದನ್ನು ನೋಡಿ ನಕ್ಕಳು.

“ಅಲ್ಲೋ ಅಪ್ಪಾ, ಬಂಡೆ ಸೀಳಲು ಬೆಂಕಿ ಹಾಕಿ ಪದರ ಎಬ್ಬಿಸುವವನು ನೀನೇ. ಅದೇ ಕಲ್ಲಲ್ಲಿ ಒಲೆ ಮಾಡಿದೆಯಾ?”

“ಬೆಂಕಿಯಲ್ಲೇ ಹುಟ್ಟಿದ ಕಲ್ಲಲ್ಲವೇ, ಅವ್ವಾ?”

“ಹುಟ್ಟಿದ್ದೇನೋ ಹೌದು. ಒಳಗೊಳಗೇ ಕೂತು ಒಂದೊಂದು ಕಾಳೂ ದೊಡ್ಡ ಮನುಷ್ಯ ಆಗಿಬಿಟ್ಟಿದೆ. ಬಿಸಿ ತಾಗಿದರೆ ಇದು ಇದರ ಪಾಡಿಗೆ ಉಬ್ಬುತ್ತದೆ, ಅದು ಅದರ ಪಾಡಿಗೆ. ಪಕ್ಕದವನಿಗೆ ಜಾಗ ಬಿಡುವವರು ಯಾರು?”

ಅವಳು ಮೂರು ಕರಿಗಲ್ಲು ತಂದು ಒಲೆ ಹೂಡಿದಳು. ಬೆಂಕಿ ಹೊತ್ತಿತು, ಕಲ್ಲು ಮಿಸುಕಲಿಲ್ಲ. ಹೊಸದಾಗಿ ಇಟ್ಟ ಗಂಜಿ ಬೆಂದಿತು. ಅವಳ ಉಪ್ಪು ಹಾಕಿಕೊಂಡು ಇಬ್ಬರೂ ಎದುರುಬದುರು ಕೂತು ಉಂಡರು. ಕಲ್ಲುಕುಟಿಗ ಬಹಳ ಹೊತ್ತು ಮಾತಾಡಿದ.

ಶಿಷ್ಯನ ಮುಖ ಅರಳಿತು. “ಹಾಗಾದರೆ ಒಂಟಿಯಾಗಿ ಕೂತವನ ಬಳಿಗೂ ಯಾರಾದರೂ ಬಂದೇ ಬರುತ್ತಾರೆ,” ಎನ್ನುತ್ತಾ ಎದ್ದು ನಿಂತ.

“ಕತೆಯೆಲ್ಲ ನಿಜ, ತಮ್ಮಾ, ಆ ಮುದುಕಿ ಬಂದಳು ಅಂದೆನಲ್ಲ, ಅದೊಂದು ಸಣ್ಣ ಸಂಗತಿ ಮಾತ್ರ ನಾನು ಸೇರಿಸಿದ್ದು,” ಎಂದರು ಗುರುಗಳು.