ಬಾಲಮ್ಮನ ಗಂಡಿ

ಬಯಲುಸೀಮೆಯ ಹುಲ್ಲುಗಾವಲಿನ ನಡುವೆ ಒಂದು ಬೋಳುಗುಡ್ಡವಿದೆ. ಅದರ ತಪ್ಪಲಿನಲ್ಲಿ ಆಳೆತ್ತರದ ಕಲ್ಲುಗೋಡೆಯ ದುಂಡನೆಯ ದನದ ದೊಡ್ಡಿ. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು. ಆದರೂ ಎಲ್ಲೂ ಜಗ್ಗಿಲ್ಲ. ಮೂಡಣಕ್ಕೆ ಬಾಗಿಲಿದೆ. ಹಿಂಬದಿಯಲ್ಲಿ, ಹಳ್ಳದ ಕಡೆಗೆ, ಒಂದು ದನ ನುಗ್ಗುವಷ್ಟು ಗೋಡೆ ಒಡೆದಿದೆ. ಇಷ್ಟು ಚೆನ್ನಾಗಿ ಕಟ್ಟಿದವರು ಇದೊಂದನ್ನು ಹಾಗೇ ಬಿಟ್ಟರಲ್ಲ ಎಂದು ಹೊಸಬರು ಮೂಗು ಮುರಿಯುತ್ತಾರೆ. ಹಟ್ಟಿಯವರು ನಗುತ್ತಾರೆ. ಅದಕ್ಕೆ ಬಾಲಮ್ಮನ ಗಂಡಿ ಎಂದು ಹೆಸರು. ಗುಡ್ಡಕ್ಕೂ ಅದೇ ಹೆಸರು ಅಂಟಿಕೊಂಡಿದೆ. ದೊಡ್ಡಿ ಕಟ್ಟಿದವನು ಅವಳ ಗಂಡ ಚಿತ್ತಯ್ಯ. ಹೆಸರು ಉಳಿದದ್ದು ಮಾತ್ರ ಒಡೆದವಳದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಹಳ್ಳದ ಎರಡೂ ದಡದ ದನಗಳು ಒಂದೇ ಮನೆಯವಾಗಿದ್ದವು ಎನ್ನುತ್ತಾರೆ. ಅಣ್ಣ ಕ್ಯಾತಯ್ಯ, ತಮ್ಮ ಚಿತ್ತಯ್ಯ. ಹಿಸ್ಸೆಯಾದ ದಿನ ತಾಯಿ ಕೈಯಾರೆ ಸಾಕಿದ ಹಸುವನ್ನು ಅಣ್ಣ ಹೊಡೆದುಕೊಂಡು ಹೋದ. ಇನ್ನು ಅವನ ಹೆಸರು ನನ್ನ ನಾಲಿಗೆಯ ಮೇಲೆ ಬರುವುದಿಲ್ಲ ಎಂದು ಚಿತ್ತಯ್ಯ ಕುಲದವರ ಮುಂದೆ ಆಣೆಯಿಟ್ಟ. ಹಳ್ಳದ ಈಚೆಗೆ ಬಂದು, ಹೆಂಡತಿಯೊಡನೆ ಒಂದೊಂದೇ ಕಲ್ಲು ಹೊತ್ತು ಈ ದೊಡ್ಡಿ ಕಟ್ಟಿದ. ಒಳಗೆ ಬೂದುಬಣ್ಣದ ಹಸುಗಳು, ಬೂದುಬಣ್ಣದ ಹೋರಿ. ಬೇರೆ ತಳಿಯ ಗಾಳಿಯೂ ಸೋಕಬಾರದು. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಕರು ಹುಟ್ಟಿದ ಕೂಡಲೇ ಯಜಮಾನ ಅದರ ಕಿವಿಯಲ್ಲಿ ತಾಯಿಯ ಹೆಸರು, ತಂದೆ ಹೋರಿಯ ಹೆಸರು, ಅವುಗಳ ಹಿಂದಿನ ತಲೆಗಳ ಹೆಸರು ಹೇಳಬೇಕು. ಹೋರಿಯ ಹೆಸರನ್ನು ಅದನ್ನು ಸಾಕಿದವನ ಹೆಸರು ಸೇರಿಸಿಯೇ ಹೇಳಬೇಕು. ಹಾಗೆ ಹೇಳಿಸಿಕೊಂಡ ಕರು ಮಾತ್ರ ಮಂದೆಯದು. ಉಳಿದದ್ದನ್ನು ಆಚೆಗೆ ಅಟ್ಟುತ್ತಿದ್ದರು.

ಆದರೆ ಅದೇ ಹೋರಿ, ಅದರ ಮಗ, ಅದರ ಮೊಮ್ಮಗ ಎಂದು ಒಳಗೊಳಗೇ ಕೂಡಿಸುತ್ತ ಹೋದರೆ ಕಸುವು ಎಲ್ಲಿಂದ ಬರಬೇಕು? ಕರುಗಳು ಕಾಲೂರಲಾರದೆ ಹುಟ್ಟತೊಡಗಿದವು. ಬಾಲಮ್ಮ ಹಾಲಿನಲ್ಲಿ ಅದ್ದಿದ ಬೆರಳನ್ನು ಬಾಯಿಗಿಟ್ಟರೂ ಚೀಪುತ್ತಿರಲಿಲ್ಲ. ಸತ್ತ ಕರುಗಳನ್ನು ಹೂಳಿ ಹೂಳಿ ಅವಳ ಕೈ ಸೋತಿತ್ತು. ಅಣ್ಣನ ಮನೆಯಲ್ಲಿ ದೂರದಿಂದ ತಂದ ಕೆಂದನೆಂಬ ಕೆಂಪು ಹೋರಿಯಿತ್ತು. ಅದರ ಮಾತೆತ್ತಿದರೆ ಸಾಕು, ಚಿತ್ತಯ್ಯ ಉಣ್ಣುವ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದ. ಹಟದಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ, ಅವನ ಹೆಂಡತಿಯೊಬ್ಬಳನ್ನು ಬಿಟ್ಟು.

ಅವನು ಸಂತೆಗೆ ಹೋದ ಒಂದು ದಿನ, ಮಂದೆಯಲ್ಲಿ ಉಳಿದಿದ್ದ ಒಂದೇ ಒಂದು ಎಳೆಯ ಹಸು ಬೆದೆಗೆ ಬಂದು ಕೂಗುತ್ತಿತ್ತು. ಆಚೆ ದಡದಿಂದ ಕೆಂದ ಗುಟುರು ಹಾಕಿತು. ಮೂಡಣ ಬಾಗಿಲಿನಿಂದ ಹೋರಿಯನ್ನು ಒಳಗೆ ಬಿಟ್ಟರೆ ಹಟ್ಟಿಯವರ ಕಣ್ಣಿಗೆ ಬೀಳುತ್ತಿತ್ತು. ಬಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನೇ ಹೊತ್ತು ತಂದಿದ್ದ ಕಲ್ಲುಗಳನ್ನು ಕೆಡವಿ ಹೋರಿಗೆ ದಾರಿ ಬಿಟ್ಟಳು. ಸಂಜೆಯೊಳಗೆ ಹೇಗೋ ಮತ್ತೆ ಪೇರಿಸಿಟ್ಟಳು. ಹಸು ಗಬ್ಬವಾಯಿತು. ಅಷ್ಟೂ ತಿಂಗಳು ಬಾಲಮ್ಮ ಕರು ಬೂದುಬಣ್ಣದ್ದೇ ಆಗಲಪ್ಪಾ ಎಂದು ದೇವರಲ್ಲಿ ಬೇಡಿಕೊಂಡಳು.

ಕರು ಕೆಂಪಗೆ ಹುಟ್ಟಿತು. ಬಿದ್ದ ಸ್ವಲ್ಪ ಹೊತ್ತಿಗೇ ನಾಲ್ಕೂ ಕಾಲೂರಿ ನಿಂತು ತಾಯಿಯ ಕೆಚ್ಚಲು ಗುದ್ದಿತು.

"ಆ ಹೋರೀನ ಒಳಕ್ಕೆ ಬಿಟ್ಟೋರ್ಯಾರು?" ಎಂದ ಚಿತ್ತಯ್ಯ.

"ನಾನೇ. ಗ್ವಾಡೆ ಕೆಡವಿ ಬಿಟ್ಟೆ," ಎಂದಳು ಬಾಲಮ್ಮ. "ಇನ್ನೊಂದು ಕರ ಹೂಳಾಕೆ ನನ್ ಕೈಲಾಗಲ್ಲ. ಹೆಸ್ರು ಹೇಳಿದ್ರೆ ಇದು ಇಲ್ಲಿರ್ತದೆ. ಹೇಳಲ್ಲ ಅಂದ್ರೆ ಅಟ್ಟು, ಇದ್ರ ಹಿಂದೇನೇ ನಾನೂ ಹಳ್ಳ ದಾಟ್ತೀನಿ."

ಚಿತ್ತಯ್ಯ ಮೊಣಕಾಲೂರಿ ಕರುವಿನ ಒದ್ದೆ ಕಿವಿಗೆ ಬಾಯಿಟ್ಟ. ತಾಯಿಯ ಹೆಸರು ಸಲೀಸಾಗಿ ಬಂತು. ತಂದೆಯ ಹೆಸರಿನ ಸರದಿ ಬಂದಾಗ ತಾಯಿಯ ಹೆಸರನ್ನೇ ಇನ್ನೊಮ್ಮೆ ಹೇಳಿದ. ಕಡೆಗೂ ಹೇಳಿದ: "ನಮ್ಮಣ್ಣ ಕ್ಯಾತಯ್ಯನ ಕೆಂದ." ಪದ್ಧತಿಗೆ ಸಾಕಿದವನ ಹೆಸರಷ್ಟೇ ಸಾಕಿತ್ತು, 'ನಮ್ಮಣ್ಣ' ಎಂಬುದನ್ನು ಅವನೇ ಸೇರಿಸಿದ. ಎದ್ದು ಹೋಗಿ, ಹೆಂಡತಿ ಪೇರಿಸಿಟ್ಟಿದ್ದ ಕಲ್ಲುಗಳನ್ನು ತನ್ನ ಕೈಯಿಂದಲೇ ಕೆಡವಿದ.

ಇಂದಿಗೂ ಮಳೆಗಾಲ ಕಳೆದ ಮೇಲೆ ಹಟ್ಟಿಯವರು ಗೋಡೆಯ ಸಡಿಲ ಕಲ್ಲುಗಳನ್ನು ಬಿಗಿ ಮಾಡುತ್ತಾರೆ, ಗಂಡಿಯನ್ನು ಮುಟ್ಟುವುದಿಲ್ಲ. ಬೂದು ಮಂದೆಯ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ದನ ಕಾಣುತ್ತದೆ. ಕರು ಹುಟ್ಟಿದಾಗ ಅದರ ಕಿವಿಯಲ್ಲಿ ಹೇಳುವ ಹೆಸರುಗಳ ಕೊನೆಗೆ "ನಮ್ಮಣ್ಣ ಕ್ಯಾತಯ್ಯನ ಕೆಂದ" ಎಂದೇ ಇರುತ್ತದೆ. ಹೇಳುವವರಲ್ಲಿ ಅಣ್ಣನೊಡನೆ ಮಾತು ಬಿಟ್ಟವರಿದ್ದಾರೆ, ಅಣ್ಣನೇ ಇಲ್ಲದವರೂ ಇದ್ದಾರೆ. 'ನಮ್ಮಣ್ಣ' ಎಂಬ ಮಾತನ್ನು ಮಾತ್ರ ಯಾರೂ ಬಿಡುವುದಿಲ್ಲ.